ಮೂರೂವರೆ ಸುತ್ತಿಗೊಂದು ಟಕ್

ಅಕ್ಕನ ಮಗಳಿಗೆ ಅಂತ ಕಟ್ಟಿದ ಮೌಂಟನ್ ಬೈಕು ಇದು. ಮೊದಲ ಭಾನುವಾರ ಬೆಳಿಗ್ಗೆ ಶಿರಾ ಗೇಟಿನ ಮನೆಯಿಂದ ಹೊರಟು, ತುಮಕೂರು ದಾಟಿ, ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು, ಪಂಡಿತನಹಳ್ಳಿ ಕಡೆಯಿಂದ ಮೈದಾಳ ಕೆರೆಗೆ ಹೋಗಿ ಬರುವುದು ಅಂತ ಮಾತಾಗಿತ್ತು. ಅವಳು ಹೊಸ ಬೈಕಿನಲ್ಲಿ, ನಾನು ನನ್ನ ಹಳೆಯದರಲ್ಲಿ. ಇಡ್ಲಿ ತಿಂದಿದ್ದಾಯಿತು. ಕೆರೆ ಮುಟ್ಟಲಿಲ್ಲ.

ಒಟ್ಟು ನಾಲ್ಕು ತಕರಾರು. ಸಮತಟ್ಟು ರಸ್ತೆಯಲ್ಲಿ ಆರಾಮಾಗಿ ತುಳಿಯುತ್ತಿದ್ದರೂ ಆಗಾಗ ಟಕ್ ಅಂತ ಒಂದು ಸದ್ದು ಬರುತ್ತಿತ್ತು, ಅಂಗಾಲಿಗೆ ಸಣ್ಣ ಪೆಟ್ಟು ಬಿದ್ದ ಹಾಗೆ. ಏರಿನಲ್ಲಿ ಜೋರಾಗಿ ತುಳಿದರೆ ಚೈನು ಹಲ್ಲು ಹಾರುತ್ತಿತ್ತು. ಪೆಡಲ್ ಧಡಕ್ಕನೆ ಕೆಳಗೆ ಹೋಗುತ್ತಿತ್ತು. ಒಂದು ಸಲ ಅವಳ ಮಂಡಿ ಹ್ಯಾಂಡಲ್ಲಿಗೆ ಬಡಿಯಿತು. ಇನ್ನು ಹಿಂದಿನ ಹಲ್ಲಿನ ಚಕ್ರಗಳಲ್ಲಿ, ಅಂದರೆ ಸ್ಪ್ರಾಕೆಟ್ಟುಗಳಲ್ಲಿ, ಎಲ್ಲಕ್ಕಿಂತ ದೊಡ್ಡದರಲ್ಲಿ ಚೈನು ಇದ್ದಾಗ ಪೆಡಲನ್ನು ಹಿಂದಕ್ಕೆ ತಿರುಗಿಸಿದರೆ ಸಾಕು, ಪಕ್ಕದ ಚಿಕ್ಕದಕ್ಕೆ ಇಳಿದುಬಿಡುತ್ತಿತ್ತು. ಕೊನೆಗೆ ಮಣ್ಣು ದಾರಿಗೆ ಇಳಿದ ಐದು ನಿಮಿಷಕ್ಕೆ ಚೈನು ಮುಂದಿನ ಚೈನ್‌ರಿಂಗಿನಿಂದಲೇ, ಅಂದರೆ ಪೆಡಲ್ ಪಕ್ಕದ ಹಲ್ಲಿನ ಚಕ್ರದಿಂದಲೇ, ಕಳಚಿ ಬಿತ್ತು. ಹಾಕಿ ನೂರು ಮೀಟರ್ ಹೋಗಿರಲಿಲ್ಲ, ಮತ್ತೆ ಬಿತ್ತು.

"ಮಾಮ, ಹೊಸ ಸೈಕಲ್ ಅಲ್ವಾ ಇದು?" ಅಂದಳು.

ಹೊಸದೇ. ಆದರೆ ಅಂಗಡಿಯಿಂದ ಪೂರ್ತಿ ತಂದದ್ದಲ್ಲ, ಬಿಡಿಬಿಡಿಯಾಗಿ ತಂದು ಜೋಡಿಸಿದ್ದು. ಅಲ್ಯೂಮಿನಿಯಂ ಫ್ರೇಮು ಬೆಂಗಳೂರಿನಲ್ಲಿ ಒಬ್ಬರ ಹತ್ತಿರ ಸಿಕ್ಕಿತ್ತು. ಬಸ್ಸಿನ ಡಿಕ್ಕಿಯಲ್ಲಿ ಹಾಕಿಕೊಂಡು ಬಂದಿದ್ದೆ. ಚಕ್ರ 27.5 ಇಂಚಿನದು, ಹಿಂದಿನ ಹಬ್ 135 ಮಿ.ಮೀ. ಮುಂದೆ 32 ಹಲ್ಲಿನ ಒಂದೇ ಚೈನ್‌ರಿಂಗ್. ಹಿಂದೆ ಶಿಮಾನೊ ಡಿಯೋರ್ ಎಂ4100 ಸಾಲಿನ 10 ಗೇರಿನ ಕ್ಯಾಸೆಟ್, ಅಂದರೆ ಹತ್ತು ಸ್ಪ್ರಾಕೆಟ್ಟಿನ ಗೊಂಚಲು, 11ರಿಂದ 46 ಹಲ್ಲಿನವರೆಗೆ. ಚೈನನ್ನು ಒಂದು ಸ್ಪ್ರಾಕೆಟ್ಟಿನಿಂದ ಇನ್ನೊಂದಕ್ಕೆ ಸರಿಸುವ ಡಿರೇಲರ್ ಎಂ5120. ಚೈನು, ಕೇಬಲ್, ಪೆಡಲ್ ತೋಳಿನ ಕ್ರ್ಯಾಂಕ್, ಹ್ಯಾಂಡಲ್ಲಿನಲ್ಲಿ ಗೇರು ಬದಲಿಸುವ ಶಿಫ್ಟರ್ ಹೊಸವು. ಕ್ಯಾಸೆಟ್ ಮಾತ್ರ ಫ್ರೇಮ್ ಮಾರಿದವರೇ ಜೊತೆಗೆ ಕೊಟ್ಟದ್ದು. ನೋಡೋಕೆ ಚೆನ್ನಾಗಿತ್ತು. ಸೀಮೆಎಣ್ಣೆಯಲ್ಲಿ ತೊಳೆದಾಗ ಬೆಳ್ಳಿಯ ಹಾಗೆ ಹೊಳೆಯಿತು. ಅದರ ವಿಷಯ ಆಮೇಲೆ ಬರುತ್ತದೆ.

ನನ್ನ ಕೆಲಸ ಹಿರೇಹಳ್ಳಿಯಲ್ಲಿ, ಲೇತ್ ಮೇಲೆ. ದಿನವಿಡೀ ಮಿಲಿಮೀಟರಿನ ನೂರನೇ ಒಂದು ಭಾಗದ ಲೆಕ್ಕ ಇಡುತ್ತೇನೆ. ಆದರೆ ಸೈಕಲ್ ಮುಂದೆ ಕೂತಾಗ ಅಳತೆ ಬಿಟ್ಟು ಸ್ಕ್ರೂಡ್ರೈವರ್ ಹಿಡಿದೆ. ಡಿರೇಲರಿನಲ್ಲಿ ಮೂರು ಸ್ಕ್ರೂ, ಶಿಫ್ಟರಿನಲ್ಲಿ ಒಂದು ಬ್ಯಾರಲ್. ಎರಡು ರಾತ್ರಿ ಅವನ್ನೇ ತಿರುಗಿಸಿದೆ. ಒಂದು ಗೇರು ಸರಿ ಹೋದರೆ ಇನ್ನೊಂದು ಕೆಡುತ್ತಿತ್ತು. ಈಗ ಯೋಚಿಸಿದರೆ ಕಾರಣ ಸ್ಪಷ್ಟವಾಗಿದೆ. ಎಚ್ ಮತ್ತು ಎಲ್ ಸ್ಕ್ರೂಗಳು ಮಾಡುವುದು ಇಷ್ಟೇ: ಡಿರೇಲರ್ ಹೊರಗಡೆ ಎಲ್ಲಿಯವರೆಗೆ ಹೋಗಬಹುದು, ಒಳಗಡೆ ಎಲ್ಲಿಯವರೆಗೆ ಬರಬಹುದು ಅಂತ ಬೇಲಿ ಹಾಕುತ್ತವೆ. ಬ್ಯಾರಲ್ ಕೇಬಲ್ಲಿನ ಬಿಗುವನ್ನು ಹೆಚ್ಚು ಕಡಿಮೆ ಮಾಡುತ್ತದೆ. ಚೈನಿನ ಕೊಂಡಿ ಬಿಗಿಯಾಗಿದ್ದರೆ, ಹಲ್ಲು ಸವೆದಿದ್ದರೆ, ಡಿರೇಲರ್ ನೇತಾಡುವ ಹ್ಯಾಂಗರ್ ಬಗ್ಗಿದ್ದರೆ ಈ ಸ್ಕ್ರೂಗಳು ಏನು ಮಾಡಲಿ ಪಾಪ.

ಮೂರನೇ ರಾತ್ರಿ ಸ್ಕ್ರೂಡ್ರೈವರ್ ಒಳಗಿಟ್ಟು ಎಣಿಸೋಕೆ ಕೂತೆ.

ಬೈಕನ್ನು ವರಾಂಡದ ಜಂತೆಗೆ ಹಗ್ಗ ಕಟ್ಟಿ ನೇತುಹಾಕಿದೆವು. ಅವಳು ತನ್ನ ನೇಲ್ ಪಾಲಿಶ್ ತಂದು ಚೈನಿನ ಒಂದು ಕೊಂಡಿಗೆ ಕೆಂಪು ಚುಕ್ಕೆ ಇಟ್ಟಳು. ನಾನು ಕೈಯಿಂದ ಪೆಡಲ್ ತಿರುಗಿಸುತ್ತಾ ಹೋದೆ. ಅವಳು ಟಕ್ ಎಂದಾಗಲೆಲ್ಲ ಪೆಡಲ್ ಎಷ್ಟು ಸುತ್ತು ಬಂತು ಅಂತ ಬರೆದಳು. ಮೂರೂವರೆ. ಮತ್ತೆ ಮೂರೂವರೆಗೆ ಹತ್ತಿರ. ಮತ್ತೆ ಅಷ್ಟೇ. ಗೇರು ಬದಲಿಸಿದರೂ ಅಷ್ಟೇ.

ಈ ಸಂಖ್ಯೆಯಲ್ಲೇ ಉತ್ತರ ಇದೆ. ನಮ್ಮ ಚೈನಿನಲ್ಲಿ 110 ಕೊಂಡಿ. ಮುಂದಿನ ಚೈನ್‌ರಿಂಗಿಗೆ 32 ಹಲ್ಲು. ಪೆಡಲ್ ಒಂದು ಸುತ್ತು ಬಂದರೆ 32 ಕೊಂಡಿ ಮುಂದೆ ಹೋಗುತ್ತವೆ. ಹಾಗಾದರೆ ಚೈನು ಪೂರ್ತಿ ಒಂದು ಸುತ್ತು ಬರೋಕೆ 110ನ್ನು 32ರಿಂದ ಭಾಗಿಸಿದಷ್ಟು, ಅಂದರೆ 3.44 ಪೆಡಲ್ ಸುತ್ತು ಬೇಕು. ತೊಂದರೆ ಚೈನ್‌ರಿಂಗಿನ ಒಂದು ಹಲ್ಲಿನಲ್ಲಿ ಇದ್ದಿದ್ದರೆ ಪ್ರತಿ ಪೆಡಲ್ ಸುತ್ತಿಗೂ ಟಕ್ ಅನ್ನಬೇಕು. ಹಿಂದಿನ ಸ್ಪ್ರಾಕೆಟ್ಟಿನ ಒಂದು ಹಲ್ಲಿನದಾದರೆ ಹಿಂದಿನ ಚಕ್ರದ ಪ್ರತಿ ಸುತ್ತಿಗೂ ಬರಬೇಕು, ಗೇರು ಬದಲಿಸಿದರೆ ಲಯವೂ ಬದಲಾಗಬೇಕು. ಡಿರೇಲರಿನ ಪುಲ್ಲಿಯದಾದರೆ ಪೆಡಲಿನ ಒಂದು ಸುತ್ತಿಗೆ ಎರಡಕ್ಕಿಂತ ಜಾಸ್ತಿ ಸಲ. ಮೂರೂವರೆ ಸುತ್ತಿಗೆ ಒಂದು ಸಲ ಬರುವುದು ಚೈನಿನದೇ, ಅದರಲ್ಲೂ ಒಂದೇ ಒಂದು ಕೊಂಡಿಯದು. ಎರಡು ರಾತ್ರಿಯ ಸ್ಕ್ರೂ ಕೆಲಸ ಹೇಳದ್ದನ್ನು ಹತ್ತು ನಿಮಿಷದ ಎಣಿಕೆ ಹೇಳಿತು. ನನಗೆ ನಿಜಕ್ಕೂ ಖುಷಿಯಾಯಿತು.

ಆಮೇಲೆ ಕೊಂಡಿ ಹುಡುಕುವುದು ಸುಲಭ. ಪೆಡಲನ್ನು ನಿಧಾನಕ್ಕೆ ಹಿಂದಕ್ಕೆ ತಿರುಗಿಸುತ್ತಾ ಡಿರೇಲರಿನ ಕೆಳಗಿನ ಪುಲ್ಲಿಯನ್ನೇ ನೋಡಬೇಕು. ಚೈನು ಅಲ್ಲಿ ಚಿಕ್ಕ ತಿರುವು ತೆಗೆದುಕೊಳ್ಳುತ್ತದೆ. ಸರಿಯಿರುವ ಕೊಂಡಿ ತಿರುವು ದಾಟಿದ ಮೇಲೆ ನೆಟ್ಟಗಾಗುತ್ತದೆ. ಬಿಗಿಯಾದದ್ದು ಮಂಡಿ ಮಡಚಿದ ಹಾಗೆ ಮಡಚಿಕೊಂಡೇ ಬರುತ್ತದೆ, ಡಿರೇಲರಿನ ತೋಳು ಒಂದು ಸಲ ಕುಣಿಯುತ್ತದೆ. ನಾನು ಚೈನು ಜೋಡಿಸಿದ್ದ ಜಾಗವೇ ಅದು.

ತಪ್ಪು ನನ್ನದೇ. ಮಾಮೂಲಿ ಕಪ್ಪು ಸೈಕಲ್ಲಿನ ದಪ್ಪ ಚೈನು ಬಿಚ್ಚಿ ಹಾಕಿ ಅಭ್ಯಾಸ. ಇದರಲ್ಲೂ ಹಾಗೇ ಪಿನ್ನನ್ನು ಅರ್ಧ ಹೊರಗೆ ತಳ್ಳಿ, ಮತ್ತೆ ಅದೇ ಪಿನ್ನನ್ನು ಒಳಗೆ ಒತ್ತಿದ್ದೆ. 10 ಗೇರಿನ ಚೈನು ಬಹಳ ತೆಳು, ಹೊರ ಅಗಲ ಸುಮಾರು 5.9 ಮಿ.ಮೀ. ಮಾತ್ರ. ಕಾರ್ಖಾನೆಯಲ್ಲಿ ಪಿನ್ನಿನ ಎರಡೂ ತುದಿಯನ್ನು ಬಡಿದು ಅರಳಿಸಿರುತ್ತಾರೆ. ಒಮ್ಮೆ ಹೊರಗೆ ತಳ್ಳಿದರೆ ಆ ಅರಳು ಕಿತ್ತುಹೋಗುತ್ತದೆ. ಮತ್ತೆ ಒತ್ತಿದರೆ ಕೂರುತ್ತದೆ ನಿಜ, ಆದರೆ ಹಿಡಿತ ಇರುವುದಿಲ್ಲ. ಕೊಂಡಿಯ ಪಕ್ಕದ ಪಟ್ಟಿಗಳೂ ಒತ್ತಿಕೊಂಡು ಬಿಗಿಯಾಗುತ್ತವೆ. ಎರಡು ಕೈಯಲ್ಲಿ ಹಿಡಿದು ಚೈನನ್ನು ಅಡ್ಡಡ್ಡ ಅಲ್ಲಾಡಿಸಿದರೆ ಬಿಗಿ ಸಡಿಲವಾಗುತ್ತದೆ. ಕಾಡಿನ ಮಧ್ಯೆ ಸಿಕ್ಕಿಕೊಂಡರೆ ಅದು ಸಾಕು. ಮನೆಯಲ್ಲಿದ್ದಾಗ ಅದು ಸಾಲದು. ಏರಿನಲ್ಲಿ ನಿಂತು ತುಳಿಯುವಾಗ ಆ ಪಿನ್ನು ಬಿಟ್ಟುಕೊಂಡರೆ ಹುಡುಗಿ ಮುಖ ಅಡಿಯಾಗಿ ಬೀಳುತ್ತಾಳೆ. ಆ ಹೊರಪಟ್ಟಿ ಜೋಡಿಯನ್ನೇ ತೆಗೆದು, ಅದರ ಜಾಗಕ್ಕೆ 10 ಗೇರಿನ ಕ್ವಿಕ್ ಲಿಂಕ್, ಅಂದರೆ ಪಿನ್ ಒತ್ತದೆ ಸೇರಿಸುವ ಕೊಂಡಿ, ಹಾಕಿದೆ. ಕ್ವಿಕ್ ಲಿಂಕ್ ಕೂಡ ಒಂದು ಹೊರಪಟ್ಟಿಯೇ, ಹಾಗಾಗಿ ಉದ್ದ ಬದಲಾಗುವುದಿಲ್ಲ. ಅದನ್ನು ಚೈನಿನ ಮೇಲ್ಭಾಗಕ್ಕೆ ತಂದು, ಹಿಂದಿನ ಬ್ರೇಕ್ ಹಿಡಿದು, ಪೆಡಲ್ ಮೇಲೆ ಭಾರ ಬಿಟ್ಟರೆ ಕಟ್ ಅಂತ ಕೂರುತ್ತದೆ.

ಉದ್ದದ ಮಾತು ಬಂದದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. 110 ಕೊಂಡಿ ಅನ್ನುವುದು ಅಂದಾಜಿನ ಲೆಕ್ಕ ಅಲ್ಲ. ಕ್ರ್ಯಾಂಕ್ ತಿರುಗುವ ಮಧ್ಯದಿಂದ ಹಿಂದಿನ ಆ್ಯಕ್ಸಲ್ ಮಧ್ಯಕ್ಕೆ 435 ಮಿ.ಮೀ., ಅಂದರೆ 17.13 ಇಂಚು. ಅದರ ಎರಡರಷ್ಟು ತೆಗೆದುಕೊಂಡು, ಮುಂದಿನ ಹಲ್ಲಿನ ಕಾಲು ಭಾಗ 8, ಹಿಂದಿನ ದೊಡ್ಡದರ ಕಾಲು ಭಾಗ 11.5, ಮೇಲೊಂದು ಇಂಚು ಸೇರಿಸಿದರೆ 54.75. ಅರ್ಧ ಇಂಚಿಗೊಂದು ಕೊಂಡಿ. ಒಳಪಟ್ಟಿ, ಹೊರಪಟ್ಟಿ ಜೋಡಿಯಾಗಿಯೇ ಬರಬೇಕಾದ್ದರಿಂದ ಮೇಲಕ್ಕೆ 55 ಇಂಚು ಮಾಡಿದೆ. 116ರ ಚೈನಿನಲ್ಲಿ 6 ಕೊಂಡಿ ಕಳೆದೆ. ಡಿರೇಲರಿನಲ್ಲಿ ತೂರಿಸದೆ ದೊಡ್ಡದರಿಂದ ದೊಡ್ಡದಕ್ಕೆ ಸುತ್ತಿ, ಸೇರುವ ಜಾಗದಿಂದ ಇನ್ನೆರಡು ಕೊಂಡಿ ಬಿಟ್ಟು ನೋಡಿದಾಗಲೂ ಅದೇ ಲೆಕ್ಕ ಬಂತು.

ಟಕ್ ಹೋಯಿತು. ಏರಿನಲ್ಲಿ ಹಾರುವುದು ಹೋಗಲಿಲ್ಲ.

ಇದಕ್ಕೆ ಲಯ ಇರಲಿಲ್ಲ. ಕೈಯಲ್ಲಿ ತಿರುಗಿಸಿದರೆ ಬರುತ್ತಲೇ ಇರಲಿಲ್ಲ. ಭಾರ ಬಿದ್ದಾಗ ಮಾತ್ರ, ಅದೂ ಎಲ್ಲ ಗೇರಿನಲ್ಲಿ ಅಲ್ಲ. ಮನೆ ಮುಂದಿನ ರಸ್ತೆಯಲ್ಲಿ ಬ್ರೇಕನ್ನು ಸ್ವಲ್ಪ ಹಿಡಿದುಕೊಂಡೇ ಒಂದೊಂದು ಗೇರಿನಲ್ಲೂ ಜೋರಾಗಿ ತುಳಿದು ನೋಡಿದೆ. 18 ಮತ್ತು 21 ಹಲ್ಲಿನ ಎರಡರಲ್ಲೇ ಹಾರುತ್ತಿತ್ತು. 24ರಲ್ಲಿ ಒಂದು ಸಲ ಅನುಮಾನ. 46, 37, 32 ಗಟ್ಟಿ. ಅಂದರೆ ಹಿಂದೆ ಓಡಿಸಿದವರು ಜಾಸ್ತಿ ಬಳಸಿದ ಗೇರುಗಳು ಇವೇ. ಹೊಳೆಯುತ್ತಿದ್ದ ಕ್ಯಾಸೆಟ್ ಒಳಗೆ ಸವೆದಿತ್ತು.

ಚೈನು ಹಿಗ್ಗುತ್ತದೆ ಅಂತ ನಾವೆಲ್ಲ ಹೇಳುತ್ತೇವೆ. ಕಬ್ಬಿಣದ ಪಟ್ಟಿ ರಬ್ಬರಿನ ಹಾಗೆ ಹಿಗ್ಗುವುದಿಲ್ಲ. ಪಿನ್ನು ಮತ್ತು ಅದು ಕೂರುವ ತೂತು ಎರಡೂ ಸ್ವಲ್ಪ ಸ್ವಲ್ಪ ಸವೆಯುತ್ತವೆ. ಒಂದೊಂದು ಕೊಂಡಿಗೂ ಕೂದಲೆಳೆಯಷ್ಟು ಸಡಿಲ ಬಂದರೆ ಸಾಕು, ಒಟ್ಟು ಉದ್ದ ಏರುತ್ತದೆ. ಪಿನ್ನಿನಿಂದ ಪಿನ್ನಿಗೆ ಇರಬೇಕಾದದ್ದು 12.7 ಮಿ.ಮೀ. ಆ ದೂರ ಬೆಳೆದಂತೆಲ್ಲ ಚೈನು ಹಲ್ಲಿನ ಮೇಲೆ ಸ್ವಲ್ಪ ಮೇಲಕ್ಕೆ ಕೂರುತ್ತದೆ, ಹಲ್ಲನ್ನೂ ತನ್ನ ಅಳತೆಗೆ ಸವೆಸಿಕೊಳ್ಳುತ್ತದೆ. ಹಳೆ ಚೈನು, ಹಳೆ ಹಲ್ಲು ಒಂದಕ್ಕೊಂದು ಹೊಂದಿಕೊಂಡು ಹೇಗೋ ಓಡುತ್ತಿರುತ್ತವೆ. ಅದರ ಮೇಲೆ ಸರಿಯಾದ 12.7ರ ಹೊಸ ಚೈನು ಹಾಕಿದರೆ ಅದು ಹಲ್ಲಿನ ಬುಡಕ್ಕೆ ಕೂರುವುದಿಲ್ಲ. ಭಾರ ಬಿದ್ದಾಗ ಇಳಿಜಾರಾದ ಹಲ್ಲನ್ನು ಹತ್ತಿ ಹಾರುತ್ತದೆ. ಹಾಗಾಗಿ ಹಳೆ ಕ್ಯಾಸೆಟ್ ಕೊಳ್ಳುವಾಗ ಅದರ ಹಳೆ ಚೈನನ್ನೂ ಕೇಳಿ ಅಳೆಯಬೇಕು. ಸ್ಟೀಲ್ ಸ್ಕೇಲಿನ ಸೊನ್ನೆಯನ್ನು ಒಂದು ಪಿನ್ನಿನ ಮಧ್ಯಕ್ಕಿಟ್ಟರೆ ಅದರ ಮುಂದಿನಿಂದ ಎಣಿಸಿ 24ನೇ ಪಿನ್ನಿನ ಮಧ್ಯ ಸರಿಯಾಗಿ 12 ಇಂಚಿಗೆ ಬರಬೇಕು. ಇಂಚಿನ 16ನೇ ಒಂದು ಭಾಗ ಮುಂದೆ ಹೋಗಿದ್ದರೆ ಅರ್ಧ ಪರ್ಸೆಂಟ್ ಸವೆದಿದೆ ಅಂತ ಅರ್ಥ. 10 ಗೇರಿನ ಚೈನನ್ನು 0.75 ಪರ್ಸೆಂಟ್ ಮುಟ್ಟುವ ಮೊದಲೇ ಬದಲಿಸಿದರೆ ಕ್ಯಾಸೆಟ್ ಉಳಿಯುತ್ತದೆ. ಮಾರಿದವರಿಗೆ ಫೋನ್ ಮಾಡಿ ಕೇಳಿದೆ. ಹಳೆ ಚೈನು ಗುಜರಿಗೆ ಹೋಗಿತ್ತು.

ಅದೇ ಅಳತೆಯ ಹೊಸ ಕ್ಯಾಸೆಟ್ ತರಿಸಿದೆ. ಬೇರೆ ದಾರಿ ಇರಲಿಲ್ಲ.

ಹಳೆಯದನ್ನು ಬಿಚ್ಚೋಕೆ ಸ್ಪ್ರಾಕೆಟ್ ತಿರುಗದಂತೆ ಹಿಡಿಯುವ ಚೈನ್ ವಿಪ್ ಬೇಕು. ಅದನ್ನು ಕೆಲಸದ ಜಾಗದಲ್ಲೇ ಮಾಡಿಕೊಂಡೆ. ಒಂದು ಅಡಿ ಉದ್ದದ 25 ಮಿ.ಮೀ. ಅಗಲ, 5 ಮಿ.ಮೀ. ದಪ್ಪದ ಕಬ್ಬಿಣದ ಪಟ್ಟಿ. ತುದಿಯಲ್ಲಿ ಎರಡು ತೂತು. ಒಂದಕ್ಕೆ ನಾಲ್ಕು ಕೊಂಡಿಯ ಚೈನ್ ತುಂಡು, ಇನ್ನೊಂದಕ್ಕೆ ಒಂದು ಗೇಣು ಉದ್ದದ್ದು. ಕ್ಯಾಸೆಟ್ ಹಿಡಿದಿಡುವ ಲಾಕ್‌ರಿಂಗ್ ಬಿಚ್ಚುವ ಹಲ್ಲಿನ ಟೂಲ್ ಮಾತ್ರ ಕೊಂಡದ್ದು. ಹೊಸ ಕ್ಯಾಸೆಟ್ ಬಿಗಿ ಮಾಡುವಾಗ ಲಾಕ್‌ರಿಂಗಿಗೆ 40 ನ್ಯೂಟನ್ ಮೀಟರ್ ಬೇಕು ಅನ್ನುತ್ತಾರೆ. ಟಾರ್ಕ್ ರೆಂಚ್ ನನ್ನ ಹತ್ತಿರ ಇಲ್ಲ. ಸ್ಪ್ಯಾನರಿನ ಹಿಡಿಯಲ್ಲಿ ಮಧ್ಯದಿಂದ 20 ಸೆಂ.ಮೀ. ದೂರಕ್ಕೆ ಗುರುತು ಹಾಕಿ, ಲಗೇಜ್ ತೂಗುವ ಕೊಕ್ಕೆ ತಕ್ಕಡಿ ಸಿಕ್ಕಿಸಿ, 20 ಕೆ.ಜಿ. ತೋರಿಸುವವರೆಗೆ ಎಳೆದೆ. 20 ಕೆ.ಜಿ. ಅಂದರೆ ಸುಮಾರು 200 ನ್ಯೂಟನ್, ದೂರ 0.2 ಮೀಟರ್, ಗುಣಿಸಿದರೆ 40. ಎಳೆಯುವಾಗ ಕೊಕ್ಕೆ ಹಿಡಿಗೆ ಲಂಬ ಕೋನದಲ್ಲಿರಬೇಕು, ಅಷ್ಟೇ. ಈ ವಿಧಾನ ನನಗೆ ಬಹಳ ಹಿಡಿಸಿದೆ. ಕೈ ಅಂದಾಜಿಗಿಂತ ಎಷ್ಟೋ ವಾಸಿ.

ಹೊಸ ಕ್ಯಾಸೆಟ್ ಮೇಲೆ ಚೈನು ಹಾರಲಿಲ್ಲ. ಆದರೆ ಈಗ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಚಿಕ್ಕ ಸ್ಪ್ರಾಕೆಟ್ಟಿನ ಕಡೆ ಗೇರು ಸರಿ ಮಾಡಿದರೆ ದೊಡ್ಡದರ ಕಡೆ ಕರಕರ. ದೊಡ್ಡ ಕಡೆ ಸರಿ ಮಾಡಿದರೆ ಚಿಕ್ಕ ಕಡೆ ತಡವಾಗಿ ಬೀಳುತ್ತದೆ. ಹಿಂದಿನಿಂದ ಕೂತು ನೋಡಿದೆ. ಡಿರೇಲರಿನ ತೋಳು ಕೆಳಗಡೆ ಒಳಕ್ಕೆ, ಸ್ಪೋಕಿನ ಕಡೆಗೆ ವಾಲಿತ್ತು. ಹ್ಯಾಂಗರ್ ಬಗ್ಗಿದೆ. ಫ್ರೇಮಿನ ತುದಿಯಲ್ಲಿ ಡಿರೇಲರ್ ತೂಗುಹಾಕುವ ಆ ಸಣ್ಣ ಅಲ್ಯೂಮಿನಿಯಂ ತುಂಡನ್ನು ಬೇಕಂತಲೇ ಮೆದುವಾಗಿ ಮಾಡಿರುತ್ತಾರೆ. ಪೆಟ್ಟು ಬಿದ್ದರೆ ಅದು ಬಗ್ಗಲಿ, ಫ್ರೇಮ್ ಉಳಿಯಲಿ ಅಂತ. ಬಸ್ಸಿನ ಡಿಕ್ಕಿಯಲ್ಲಿ ಯಾವುದೋ ಮೂಟೆ ಅದರ ಮೇಲೆ ಕೂತಿರಬೇಕು. ನಾನು ಅದಕ್ಕೊಂದು ರಟ್ಟು ಸುತ್ತಿ ತರಬೇಕಿತ್ತು.

ಅದನ್ನು ನೆಟ್ಟಗೆ ಮಾಡುವ ಗೇಜ್ ನನ್ನ ಹತ್ತಿರವೂ ಇಲ್ಲ, ನಾನು ಚಿಕ್ಕಂದಿನಿಂದ ಹೋಗುವ ಸೈಕಲ್ ಅಂಗಡಿಯಲ್ಲೂ ಇಲ್ಲ. ಆ ಅಂಗಡಿಯ ಅಣ್ಣನಿಗೆ ಈಗ ಎಪ್ಪತ್ತು ದಾಟಿದೆ. ಅವರ ಕೈಯಲ್ಲಿ ಹೆಚ್ಚು ಬರುವುದು ಗೇರಿಲ್ಲದ ಸೈಕಲ್ಲುಗಳೇ. ಆದರೂ ಹೋದೆ, ಯಾಕಂದರೆ ನನಗೆ ಬೇಕಿದ್ದದ್ದು ಗೇಜ್ ಅಲ್ಲ, ಒಂದು ಹಳೆ ಹಿಂದಿನ ಚಕ್ರ.

"ಅಣ್ಣ, ಕ್ವಿಕ್ ರಿಲೀಸಿನ ಹಳೆ ಹಿಂದಿನ ವೀಲ್ ಒಂದಿದ್ರೆ ಕೊಡಿ. ಅರ್ಧ ಗಂಟೆ ಸಾಕು."

"ಗೇರ್ ಸೈಕಲ್ದಾ? ಮೇಲೆ ನೇತಾಕಿದೀನಿ ನೋಡಪ್ಪ. ರಿಮ್ಮು ನೆಟ್ಟಗೈತೆ, ನಾನೇ ಸ್ಪೋಕ್ ಎಳೆದಿದ್ದು."

ರಿಮ್ಮು ನೆಟ್ಟಗಿರುವುದೇ ಇಲ್ಲಿ ಮುಖ್ಯ. ಕ್ವಿಕ್ ರಿಲೀಸಿನ, ಅಂದರೆ ಲಿವರ್ ತಿರುವಿ ಚಕ್ರ ಬಿಚ್ಚುವ ತರದ, ಹಿಂದಿನ ಹಬ್ಬಿನ ಆ್ಯಕ್ಸಲ್ 10 ಮಿ.ಮೀ. ದಪ್ಪ, ಥ್ರೆಡ್ಡಿನ ಪಿಚ್ 1 ಮಿ.ಮೀ. ಡಿರೇಲರ್ ಹ್ಯಾಂಗರಿನ ತೂತಿನ ಥ್ರೆಡ್ಡೂ ಅದೇ. ಅಂದರೆ ಡಿರೇಲರ್ ಬಿಚ್ಚಿ, ಅದರ ಜಾಗಕ್ಕೆ ಹಳೆ ಚಕ್ರದ ಆ್ಯಕ್ಸಲ್ ತುದಿಯನ್ನೇ ತಿರುಗಿಸಿ ಕೂರಿಸಬಹುದು. ಆಗ ಬೈಕಿನ ಚಕ್ರದ ಪಕ್ಕದಲ್ಲಿ ಇನ್ನೊಂದು ಚಕ್ರ ನಿಲ್ಲುತ್ತದೆ. ಹ್ಯಾಂಗರ್ ನೆಟ್ಟಗಿದ್ದರೆ ಎರಡು ಚಕ್ರವೂ ರೈಲು ಹಳಿಯ ಹಾಗೆ ಸಮವಾಗಿರಬೇಕು. ಪಿಚ್ ಗೇಜ್ ಇಟ್ಟು ನೋಡಿಯೇ ತಿರುಗಿಸಿದೆ. ಕಪ್ಪು ಸೈಕಲ್ಲಿನ ಆ್ಯಕ್ಸಲ್ ಕೈಗೆ ಸಿಕ್ಕಿತು ಅಂತ ಒತ್ತಾಯ ಮಾಡಿ ತೂರಿಸಿದರೆ ಹ್ಯಾಂಗರಿನ ಥ್ರೆಡ್ ಹಾಳಾಗುತ್ತದೆ.

ಆಚೆ ಕಡೆಯ ಲಾಕ್‌ನಟ್ಟಿಗೆ ಸ್ಪ್ಯಾನರ್ ಹಾಕಿ ಆ್ಯಕ್ಸಲ್ ತಿರುಗಿಸಿದೆವು. ಎರಡು ರಿಮ್ಮಿನ ನಡುವಿನ ಜಾಗ ಅಳೆದೆ. ಮೇಲೆ 118 ಮಿ.ಮೀ., ಕೆಳಗೆ 107. ಮುಂದೆ ಹಿಂದೆ ಎರಡೇ ಮಿ.ಮೀ. ವ್ಯತ್ಯಾಸ. ರಿಮ್ಮಿನ ಹತ್ತಿರ 4 ಮಿ.ಮೀ.ವರೆಗೆ ವ್ಯತ್ಯಾಸ ಇದ್ದರೆ ಪರವಾಗಿಲ್ಲ ಅನ್ನುತ್ತಾರೆ. ಇಲ್ಲಿ 11. ಎರಡು ರಾತ್ರಿ ನಾನು ತಿರುಗಿಸಿದ ಸ್ಕ್ರೂಗಳೆಲ್ಲ ಈ 11 ಮಿ.ಮೀ. ಜೊತೆ ಗುದ್ದಾಡುತ್ತಿದ್ದವು.

ಅಣ್ಣ ಬೈಕಿನ ಫ್ರೇಮ್ ಹಿಡಿದುಕೊಂಡರು. ನಾನು ಹಳೆ ಚಕ್ರದ ಕೆಳಭಾಗವನ್ನು ಹೊರಕ್ಕೆ ಎಳೆದೆ, ಬಹಳ ನಿಧಾನವಾಗಿ. ಚಕ್ರ ದೊಡ್ಡ ಸನ್ನೆಯಾದ್ದರಿಂದ ಬಲ ಬೇಕಿಲ್ಲ. ಬಿಟ್ಟು ಅಳೆದೆ, 9. ಮತ್ತೆ ಎಳೆದೆ, 5. "ಇನ್ನೊಂದ್ ಚೂರು, ಆದ್ರೆ ಆಕಡೆ ಹೋಗ್ಬಾರ್ದು ನೋಡು," ಅಂದರು. ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಅಲ್ಯೂಮಿನಿಯಂ ಒಂದು ಸಲ ಬಗ್ಗಿದ್ದನ್ನು ಒಂದು ಸಲ ತಿದ್ದಬಹುದು. ಆಕಡೆ ಈಕಡೆ ಆಡಿಸಿದರೆ ಬಿರುಕು ಬಿಡುತ್ತದೆ. 2ಕ್ಕೆ ಬಂದಾಗ ನಿಲ್ಲಿಸಿದೆ. ಇದೇ ಫ್ರೇಮಿನ ಇನ್ನೊಂದು ಹ್ಯಾಂಗರ್ ತರಿಸಿ ಅವಳ ಬ್ಯಾಗಿನಲ್ಲಿ ಹಾಕಿಟ್ಟಿದ್ದೇನೆ. ಪ್ರತಿ ಫ್ರೇಮಿಗೂ ಅದರ ಆಕಾರ ಬೇರೆ. ಬೇಕೆಂದಾಗ ಊರಿನಲ್ಲಿ ಸಿಗುವುದಿಲ್ಲ.

ಅಣ್ಣ ದುಡ್ಡು ತೆಗೆದುಕೊಳ್ಳಲಿಲ್ಲ. ಚಕ್ರವನ್ನು ಮತ್ತೆ ನೇತುಹಾಕುವ ಮೊದಲು ಇನ್ನೊಂದು ಸಲ ತಿರುಗಿಸಿ ರಿಮ್ ನೋಡಿದರು.

ಮೂರನೇ ತಕರಾರು, ಹಿಂದಕ್ಕೆ ತುಳಿದರೆ 46ರಿಂದ ಚೈನು ಇಳಿಯುವುದು. ಹ್ಯಾಂಗರ್ ಸರಿಯಾದ ಮೇಲೂ ಅರ್ಧ ಸುತ್ತಿಗೇ ಇಳಿಯುತ್ತಿತ್ತು. ಪೆಡಲ್ ಹಿಂದಕ್ಕೆ ತಿರುಗಿಸಿದಾಗ ಚೈನಿನ ಮೇಲ್ಭಾಗ ನೇರ ಮುಂದಿನ ಚೈನ್‌ರಿಂಗಿನಿಂದ ಹಿಂದಿನ ಸ್ಪ್ರಾಕೆಟ್ಟಿಗೆ ಹೋಗಿ ಬೀಳುತ್ತದೆ. ದಾರಿ ತೋರಿಸೋಕೆ ಅಲ್ಲಿ ಡಿರೇಲರ್ ಇಲ್ಲ. ಚೈನ್‌ರಿಂಗ್ ಹೊರಗಡೆ ಇದ್ದಷ್ಟೂ ಚೈನು ಓರೆಯಾಗಿ ಹೋಗುತ್ತದೆ, ಹಲ್ಲು ತಪ್ಪುತ್ತದೆ. ಹಾಗಾಗಿ ನೋಡಬೇಕಾದ್ದು ಚೈನ್‌ಲೈನ್, ಅಂದರೆ ಬೈಕಿನ ನಡು ಗೆರೆಯಿಂದ ಚೈನ್‌ರಿಂಗಿನ ಹಲ್ಲಿಗೆ ಇರುವ ದೂರ.

ವರ್ನಿಯರ್ ತೆಗೆದೆ. ಸೀಟ್ ಟ್ಯೂಬಿನ ದಪ್ಪ 34.9, ಅರ್ಧ 17.45. ಟ್ಯೂಬಿನ ಬಲ ಅಂಚಿನಿಂದ ಹಲ್ಲಿನ ಮಧ್ಯಕ್ಕೆ 35. ಕೂಡಿದರೆ 52.45. ಈ ಕ್ರ್ಯಾಂಕಿಗೆ ಇರಬೇಕಾದದ್ದು 50. ಎರಡೂವರೆ ಮಿ.ಮೀ. ಹೊರಗೆ. ಆ ಸಂಖ್ಯೆ ನೋಡಿದ ಕೂಡಲೇ ನೆನಪಾಯಿತು. ಬಿ.ಬಿ. ಅಂದರೆ ಬಾಟಮ್ ಬ್ರ್ಯಾಕೆಟ್, ಕ್ರ್ಯಾಂಕ್ ತಿರುಗುವ ಬೇರಿಂಗ್. ಅದರ ಕಪ್ ಜೊತೆ ಬಂದ ಪ್ಲಾಸ್ಟಿಕ್ ಸ್ಪೇಸರ್‌ಗಳ ದಪ್ಪವೂ ಎರಡೂವರೆ ಮಿ.ಮೀ.

ಪೊಟ್ಟಣದಲ್ಲಿ ಮೂರು ಸ್ಪೇಸರ್ ಇದ್ದವು. ಫ್ರೇಮಿನ ಬಿ.ಬಿ. ಶೆಲ್ ಅಗಲ 68 ಮಿ.ಮೀ. ಆದರೆ ಬಲಕ್ಕೆ ಎರಡು, ಎಡಕ್ಕೆ ಒಂದು. 73 ಆದರೆ ಬಲಕ್ಕೆ ಒಂದೇ, ಎಡಕ್ಕೆ ಇಲ್ಲ. ನಮ್ಮದು 68. ಕಟ್ಟುವ ದಿನ ನಾನು ಮೂರನ್ನೂ ಬಲಕ್ಕೇ ಹಾಕಿಬಿಟ್ಟಿದ್ದೆ. ಒಟ್ಟು ಅಗಲ ಅಷ್ಟೇ ಬರುವುದರಿಂದ ಕ್ರ್ಯಾಂಕ್ ಚೆನ್ನಾಗಿಯೇ ಕೂತಿತು, ಚೆನ್ನಾಗಿಯೇ ತಿರುಗಿತು. ಅದಕ್ಕೇ ಈ ತಪ್ಪು ಗೊತ್ತಾಗುವುದಿಲ್ಲ. ಅನುಮಾನ ಇದ್ದವರು ಎರಡೂ ಕಡೆ ಪೆಡಲ್ ತೋಳಿನಿಂದ ಹಿಂದಿನ ಫ್ರೇಮ್ ಕೊಳವೆಗೆ ಇರುವ ಸಂದು ಅಳೆದು ನೋಡಿ. ನಮ್ಮದರಲ್ಲಿ ಬಲಗಡೆ 5 ಮಿ.ಮೀ. ಜಾಸ್ತಿ ಇತ್ತು. ಬಲಕ್ಕೆ ಎರಡೂವರೆ ಹೆಚ್ಚು, ಎಡಕ್ಕೆ ಎರಡೂವರೆ ಕಡಿಮೆ.

ಎಡ ತೋಳಿನ ಎರಡು ಬೋಲ್ಟ್ ಸಡಿಲಿಸಿ, ಮುಚ್ಚಳ ತೆಗೆದು, ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಕ್ರ್ಯಾಂಕ್ ಹೊರಗೆಳೆದೆ. ಬಲಗಡೆ ಕಪ್ಪಿನ ಥ್ರೆಡ್ ಉಲ್ಟಾ. ಬಿಚ್ಚೋಕೆ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಬೇಕು. ಇದು ಗೊತ್ತಿಲ್ಲದೆ ಪೈಪ್ ಹಾಕಿ ಇನ್ನಷ್ಟು ಬಿಗಿ ಮಾಡಿಕೊಂಡವರನ್ನು ನೋಡಿದ್ದೇನೆ. ಒಂದು ಸ್ಪೇಸರ್ ಎಡಕ್ಕೆ ಹೋಯಿತು. ಥ್ರೆಡ್ಡಿಗೆ ಗ್ರೀಸ್ ಹಚ್ಚಿ, ಮತ್ತೆ ಅದೇ ಕೊಕ್ಕೆ ತಕ್ಕಡಿಯಲ್ಲಿ 40 ನ್ಯೂಟನ್ ಮೀಟರಿಗೆ ಬಿಗಿ ಮಾಡಿದೆ. ಮುಚ್ಚಳವನ್ನು ಬೆರಳಿನ ಬಿಗಿಗಿಂತ ಸ್ವಲ್ಪವೇ ಜಾಸ್ತಿ. ತೋಳಿನ ಬೋಲ್ಟ್‌ಗಳನ್ನು ಒಂದಾದ ಮೇಲೊಂದು, ಸ್ವಲ್ಪ ಸ್ವಲ್ಪವೇ, 12ರಿಂದ 14 ನ್ಯೂಟನ್ ಮೀಟರಿಗೆ. ಈಗ ಅಳೆದರೆ 49.9.

46ರಲ್ಲಿ ಹಿಂದಕ್ಕೆ ಎರಡು ಸುತ್ತು ತಿರುಗಿಸಿದರೂ ಚೈನು ಕೂತಿತ್ತು. ಮೂರನೆಯದರಲ್ಲಿ ಇಳಿಯಿತು. ಅಷ್ಟಕ್ಕೆ ಸಾಕು ಅಂತ ಬಿಟ್ಟೆ. ಮುಂದೆ ಒಂದೇ ರಿಂಗ್ ಇರುವಾಗ 46ಕ್ಕೆ ಚೈನು ಓರೆಯಾಗಿಯೇ ಹೋಗಬೇಕು. ಕಲ್ಲು ಬಂದಾಗ ಪೆಡಲ್ ಎತ್ತಿಕೊಳ್ಳೋಕೆ ಅರ್ಧ ಸುತ್ತು ಹಿಂದಕ್ಕೆ ತುಳಿಯುತ್ತೇವೆ, ಎರಡು ಸುತ್ತು ಯಾರೂ ತುಳಿಯುವುದಿಲ್ಲ.

ನಾಲ್ಕನೆಯದನ್ನು ಕಂಡುಹಿಡಿದವಳು ಅವಳೇ. ನಾನು ಕ್ರ್ಯಾಂಕ್ ಒರೆಸುತ್ತಿದ್ದೆ. ಅವಳು ಡಿರೇಲರ್ ಹತ್ತಿರ ಕೂತು, "ಮಾಮ, ಈ ಚಿಕ್ಕ ಲಿವರ್ ಏನು? ಆಫ್ ಅಂತ ಇದೆ," ಅಂದಳು.

ಕ್ಲಚ್. ಎಂ5120ರಲ್ಲಿ ಡಿರೇಲರಿನ ತೋಳು ಸುಲಭವಾಗಿ ಮುಂದಕ್ಕೆ ಬಾರದಂತೆ ತಡೆಯುವ ಬಿಗಿ ಇರುತ್ತದೆ. ಕಲ್ಲು ದಾರಿಯಲ್ಲಿ ಚೈನು ಮೇಲೆ ಕೆಳಗೆ ಬಡಿದಾಡದಂತೆ ಅದು ಹಿಡಿದಿಡುತ್ತದೆ. ಚಕ್ರ ಬಿಚ್ಚಿ ಹಾಕುವಾಗ ಸುಲಭವಾಗಲಿ ಅಂತ ಅದನ್ನು ಆಫ್ ಮಾಡುತ್ತೇವೆ. ನಾನು ಆಫ್ ಮಾಡಿದವನು ಆನ್ ಮಾಡಿರಲಿಲ್ಲ. ಮೊದಲ ಸಲ ಚೈನು ಬಿದ್ದದ್ದು ಇದಕ್ಕೆ. "ಭೇಷ್ ಪುಟ್ಟಿ," ಅಂದೆ. ಅವಳೇ ಆನ್ ಮಾಡಿದಳು.

ಎರಡನೇ ಸಲ ನೂರು ಮೀಟರಿನೊಳಗೆ ಬಿದ್ದದ್ದು ಮಾತ್ರ ಬೇರೆ ಕಾರಣಕ್ಕೆ. ಈ ತರದ ಚೈನ್‌ರಿಂಗಿನಲ್ಲಿ ಹಲ್ಲುಗಳು ಒಂದು ದಪ್ಪ, ಒಂದು ತೆಳು. ದಪ್ಪ ಹಲ್ಲು ಹೊರಪಟ್ಟಿಯ ಅಗಲವಾದ ಸಂದಿಗೆ, ತೆಳು ಹಲ್ಲು ಒಳಪಟ್ಟಿಯ ಕಿರಿದಾದ ಸಂದಿಗೆ ಕೂರಬೇಕು. ರಸ್ತೆ ಪಕ್ಕ ಅವಸರದಲ್ಲಿ ಹಾಕಿದಾಗ ಒಂದು ಹಲ್ಲು ಆಚೀಚೆಯಾಗಿ, ದಪ್ಪ ಹಲ್ಲಿನ ಮೇಲೆ ಕಿರಿದಾದ ಸಂದಿ ಬಂದಿರಬೇಕು. ಆಗ ಚೈನು ಬುಡಕ್ಕೆ ಇಳಿಯದೆ ತುದಿಯ ಮೇಲೆಯೇ ಓಡುತ್ತದೆ. ಬೇಕೆಂದೇ ಹಾಗೆ ಹಾಕಿ ಅವಳಿಗೆ ತೋರಿಸಿದೆ. ಒಮ್ಮೆ ನೋಡಿದರೆ ಮತ್ತೆ ಮರೆಯುವುದಿಲ್ಲ.

ಇಷ್ಟಾದ ಮೇಲೆ ಸ್ಕ್ರೂಡ್ರೈವರ್ ಮತ್ತೆ ಕೈಗೆ ಬಂತು. ಎಚ್, ಎಲ್ ಎರಡೂ ಐದು ನಿಮಿಷದಲ್ಲಿ ಕೂತವು. ಮೇಲಿನ ಪುಲ್ಲಿಗೂ 46ರ ಹಲ್ಲಿಗೂ ನಡುವೆ 6 ಮಿ.ಮೀ. ಇರುವಂತೆ ಬಿ ಸ್ಕ್ರೂ ಇಟ್ಟೆ. 6ರ ಅಲೆನ್ ಕೀಯನ್ನೇ ಸಂದಿಗೆ ಹಿಡಿದು ನೋಡಿದೆ. ಕೇಬಲ್ ಹೊಸದಾದ್ದರಿಂದ ಮೊದಲ ವಾರ ಸ್ವಲ್ಪ ಸಡಿಲವಾಗುತ್ತದೆ. ಬ್ಯಾರಲ್ಲನ್ನು ಕಾಲು ಸುತ್ತಿನಂತೆ ಎರಡು ಸಲ ಬಿಚ್ಚಿದ್ದೇನೆ.

ಎಣ್ಣೆಯ ವಿಷಯ. ಊರಿನಲ್ಲಿ ಚೈನಿಗೆ ಸುಟ್ಟ ಆಯಿಲ್ ಹಾಕುವ ರೂಢಿ ಈಗಲೂ ಇದೆ. ಈ ತೆಳು ಚೈನಿಗೆ ಅದು ಬೇಡವೇ ಬೇಡ. ಎಂಜಿನ್ನಿನಿಂದ ತೆಗೆದ ಎಣ್ಣೆಯಲ್ಲಿ ಲೋಹದ ಪುಡಿ ಇರುತ್ತದೆ. ಮೇಲೆ ನಮ್ಮ ಕಡೆಯ ಕೆಂಪು ಧೂಳು ಅಂಟಿದರೆ ಅದು ಉಜ್ಜುವ ಪೇಸ್ಟೇ ಸರಿ. ತೆಳುವಾದ ಚೈನ್ ಎಣ್ಣೆ, ಒಂದೊಂದು ರೋಲರಿಗೆ ಒಂದೊಂದು ಹನಿ. ಹತ್ತು ನಿಮಿಷ ಬಿಟ್ಟು ಹೊರಗಿನದನ್ನೆಲ್ಲ ಹಳೆ ಬನಿಯನ್ ಬಟ್ಟೆಯಲ್ಲಿ ಒರೆಸಬೇಕು. ಎಣ್ಣೆ ಬೇಕಿರುವುದು ಪಿನ್ನಿನ ಒಳಗೆ. ಹೊರಗೆ ಉಳಿದದ್ದು ಧೂಳಿಗೆ ಮಾತ್ರ ಉಪಯೋಗ.

ಮೂರನೇ ಭಾನುವಾರ ಮತ್ತೆ ಹೊರಟೆವು. ಮತ್ತೆ ಕ್ಯಾತ್ಸಂದ್ರ, ಮತ್ತೆ ತಟ್ಟೆ ಇಡ್ಲಿ. ಮಂದಾರಗಿರಿಯ ಬುಡದಿಂದ ಮಣ್ಣು ದಾರಿಗೆ ಇಳಿದಾಗ ನಾನು ಬೇಕೆಂದೇ ಅವಳ ಹಿಂದೆ ಉಳಿದೆ, ಚೈನಿನ ಸದ್ದು ಕೇಳೋಕೆ. ಕಲ್ಲಿನ ಮೇಲೆ ಟೈರಿನ ಸದ್ದು ಬಿಟ್ಟರೆ ಬೇರೇನಿಲ್ಲ. ಮೈದಾಳ ಕೆರೆ ಏರಿಯ ಮೇಲೆ ಇಬ್ಬರೂ ಅರ್ಧ ಗಂಟೆ ಕೂತೆವು. ಅದರ ಮುಂದಿನ ವಾರ ದೇವರಾಯನದುರ್ಗ. ನಾಮದ ಚಿಲುಮೆ ದಾಟಿ ಬೆಟ್ಟದ ರಸ್ತೆ ಏರುವಾಗ 46ಕ್ಕೆ ಹಾಕಿ, ನಿಂತು ತುಳಿ ಅಂದೆ. ತುಳಿದಳು. ಒಂದು ಹಲ್ಲೂ ಹಾರಲಿಲ್ಲ. ಭೋಗನರಸಿಂಹ ದೇವಸ್ಥಾನದ ಹತ್ತಿರ ಅವಳು ನಿಂತು ಹಿಂದಿರುಗಿ ನೋಡಿದಾಗ ನಾನು ಇನ್ನೂ ಕೆಳಗಿನ ತಿರುವಿನಲ್ಲಿದ್ದೆ.

ಒಂದು ಸಣ್ಣ ಕೆಲಸ ಉಳಿದಿದೆ. 37ರಿಂದ 46ಕ್ಕೆ ಹೋಗುವಾಗ ಅರೆಕ್ಷಣ ತಡ. ಮಧ್ಯೆ 9 ಹಲ್ಲಿನ ಜಿಗಿತ ಇದೆ, ಪೂರ್ತಿ ಹೋಗುತ್ತದೋ ಇಲ್ಲವೋ ನೋಡಬೇಕು. ಬಿ ಸ್ಕ್ರೂವನ್ನು ಅರ್ಧ ಸುತ್ತು ಸಡಿಲಿಸಿ ಈ ವಾರ ಓಡಿಸು ಅಂದಿದ್ದೇನೆ. ವರಾಂಡದ ಗೋಡೆಯಲ್ಲಿ ಅವಳ ಅಕ್ಷರದಲ್ಲಿ ಬರೆದಿಟ್ಟಿದ್ದೇವೆ: 24 ಕೊಂಡಿಗೆ ಸರಿಯಾಗಿ 12 ಇಂಚು, ಮುಂದಿನ ಅಳತೆ 500 ಕಿ.ಮೀ. ಆದಾಗ.